ಹೊಗೆ ತೂಗುವ ಮಲ್ಸುಕ್‌ಗೆ ಪಕ್ಕದ ಕೋಣೆಯ ಮೇಲೆ ಕಣ್ಣು

ಬೆಳಗಿನ ಐದೂವರೆ. ಗುನ್ಸಾನ್ ಬಂದರಿನ ಹಿಂದಿರುವ ಎಂಜಿನ್ ಪರೀಕ್ಷಾ ಕೇಂದ್ರದ ಒಂದನೇ ಕೋಣೆಯಲ್ಲಿ ಗಿಲ್ ಮಲ್ಸುಕ್ ಉಸಿರು ಬಿಗಿಹಿಡಿದು, ಚಿಮುಟದಿಂದ ಬಿಳಿ ಫಿಲ್ಟರ್ ಬಿಲ್ಲೆಯೊಂದನ್ನು ತಕ್ಕಡಿಯ ಮೇಲಿಡುತ್ತಾರೆ. ಬಿಲ್ಲೆಯ ಅಗಲ ನಲವತ್ತೇಳು ಮಿಲಿಮೀಟರ್. ಗ್ರಾಂನ ಹತ್ತು ಲಕ್ಷದಲ್ಲಿ ಒಂದು ಪಾಲನ್ನೂ ತೋರಿಸುವ ತಕ್ಕಡಿ ಇದು. ಹಾಗಾಗಿ ಮಲ್ಸುಕ್ ಕೈಗೆ ಕ್ರೀಮು ಹಚ್ಚುವುದಿಲ್ಲ, ಉಣ್ಣೆಯ ಅಂಗಿ ತೊಡುವುದಿಲ್ಲ, ಬಾಗಿಲು ಜೋರಾಗಿ ಹಾಕಿದವರನ್ನು ಸುಮ್ಮನೆ ಬಿಡುವುದೂ ಇಲ್ಲ.

"ಡೀಸೆಲ್ ಹೊಗೆ ಬೀದಿಗೆ ಬಂದ್ಮೇಲೆ ಗಾಳೀಲಿ ಬೆರೆತು ತಣ್ಣಗಾಗುತ್ತಲ್ಲ, ಅದನ್ನೇ ನಾವು ಕೊಳವೆ ಒಳಗೆ ಮಾಡ್ತೀವಿ. ಶುದ್ಧ ಗಾಳಿ ಬೆರೆಸಿ, ಆಮೇಲೆ ಬಿಲ್ಲೆ ಮೂಲಕ ಹಾಯಿಸ್ತೀವಿ. ಎಷ್ಟು ಮಸಿ ಕೂತಿದೆ ಅಂತ ನೋಡೋದು ನನ್ನ ಕೆಲಸ."

ಮಲ್ಸುಕ್‌ಗೆ ಐವತ್ತೇಳು. ಓದಿದ್ದು ಹೈಸ್ಕೂಲು. ಮೂವತ್ತೊಂದನೇ ವಯಸ್ಸಿನವರೆಗೆ ಗಿಮ್ ಕಾರ್ಖಾನೆಯಲ್ಲಿ ಕಡಲಪಾಚಿಯ ಹಾಳೆ ತೂಗಿ ಕಟ್ಟುತ್ತಿದ್ದರು. ಇಲ್ಲಿಗೆ ಬಂದು ಇಪ್ಪತ್ತಾರು ವರ್ಷ. ದಿನಕ್ಕೆ ನಲವತ್ತು ಬಿಲ್ಲೆ, ಪ್ರತಿಯೊಂದನ್ನೂ ಮೂರು ಸಲ ತೂಗುತ್ತಾರೆ.

ಎರಡನೇ ಕೋಣೆ ಇಪ್ಪತ್ತೊಂಬತ್ತರ ಪದವೀಧರೆ ಯೂನ್ ದಾಸೊಲ್ ಅವರದು. ಅವರಿಗೆ ಚಿಮುಟ ಹಿಡಿಯಲು ಕಲಿಸಿದ್ದು ಮಲ್ಸುಕ್. ಈಗ ಊಟದ ಹಾಲ್‌ನ ಗೋಡೆಯ ಮೇಲೆ ವರ್ಷದ ಅತ್ಯುತ್ತಮ ನೌಕರರೆಂದು ಇರುವುದು ದಾಸೊಲ್ ಫೋಟೊ. "ಹೊಟ್ಟೆ ಉರಿಯುತ್ತಾ ಅಂತ ಕೇಳ್ತೀರಾ? ಉರೀದೆ ಏನು! ಆ ಫೋಟೊಗೆ ಬೆನ್ನು ಹಾಕಿ ಕೂತು ಸೂಪು ಕುಡೀತೀನಿ."

ಕಳೆದ ತಿಂಗಳು ಕೇಂದ್ರವು ಎರಡರಲ್ಲಿ ಒಂದು ಕೋಣೆಯನ್ನು ಮುಚ್ಚಲು ನಿರ್ಧರಿಸಿತು. ಎರಡೂ ಕಡೆ ಅದೇ ಲಾರಿ ಎಂಜಿನ್, ಅದೇ ಡೀಸೆಲ್ ಇಟ್ಟು ಪರೀಕ್ಷೆ ನಡೆಸಿತು. ಮಲ್ಸುಕ್ ಕೋಣೆಯಲ್ಲಿ ಮಸಿ ಶೇಕಡ ಹನ್ನೆರಡು ಹೆಚ್ಚು ಬಂತು. ತೂಕ ತಪ್ಪಿದವರ ಕೋಣೆಗೇ ಬೀಗ ಎಂಬುದು ಎಲ್ಲರಿಗೂ ಗೊತ್ತಿತ್ತು. ಮಲ್ಸುಕ್ ನೇರವಾಗಿ ಹೋಗಿ ದಾಸೊಲ್ ಅವರ ಬಿಲ್ಲೆಗಳನ್ನು ತಂದು ತಮ್ಮ ತಕ್ಕಡಿಯಲ್ಲಿಟ್ಟರು.

"ಚಿಕ್ಕಮ್ಮಾ, ತಪ್ಪು ಸಿಕ್ತಾ?" ಬಾಗಿಲಲ್ಲಿ ನಿಂತು ದಾಸೊಲ್ ಕೇಳಿದರು.

"ಇನ್ನೂ ಇಲ್ಲ ಕಣೇ. ಸಿಕ್ಕಿದ್ರೆ ಇಡೀ ಕೇಂದ್ರಕ್ಕೆ ಅಕ್ಕಿ ಕಡುಬು ಹಂಚ್ತೀನಿ."

"ನನಗೂ ಒಂದು ಎತ್ತಿಡಿ."

ತಪ್ಪು ಸಿಗಲಿಲ್ಲ. ಮೂವತ್ತಾರು ಬಿಲ್ಲೆಗಳಲ್ಲಿ ಒಂದರ ತೂಕವೂ ದಾಸೊಲ್ ಬರೆದಿದ್ದಕ್ಕಿಂತ ಬೇರೆಯಾಗಲಿಲ್ಲ. "ಅವತ್ತು ಮನೇಲಿ ಅಕ್ಕಿ ತೊಳೀತಾ ಅತ್ತುಬಿಟ್ಟೆ," ಎನ್ನುತ್ತಾರೆ ಮಲ್ಸುಕ್.

ವ್ಯತ್ಯಾಸ ಇದ್ದದ್ದು ಗಾಳಿಯಲ್ಲಿ. ಮಲ್ಸುಕ್ ಕೋಣೆಯ ಹಳೆಯ ಫ್ಯಾನು ಒಂದು ಪಾಲು ಹೊಗೆಯನ್ನು ಆರು ಪಾಲಾಗುವಷ್ಟು ತೆಳುವಾಗಿಸುತ್ತದೆ. ಪಕ್ಕದ ಹೊಸ ಫ್ಯಾನು ಹನ್ನೆರಡು ಪಾಲಾಗುವಷ್ಟು. "ಬೆರೆಸಿದ ಗಾಳಿಗೆ ತಕ್ಕಂತೆ ಲೆಕ್ಕ ಸರಿ ಮಾಡ್ತೀವಿ. ಆದ್ರೂ ಗಾಳಿ ಜಾಸ್ತಿಯಾದ್ರೆ ಹೊಗೇಲಿರೋ ಎಣ್ಣೆ ಆವಿ ಮಸಿಗೆ ಅಂಟಲ್ಲ, ಬಿಲ್ಲೆ ದಾಟಿ ಹೋಗ್ಬಿಡುತ್ತೆ. ನನ್ನ ಕಡೆ ಅಂಟ್ಕೊಂಡು ತೂಕಕ್ಕೆ ಬರುತ್ತೆ. ಇಬ್ಬರೂ ನಿಯಮದ ಒಳಗೇ ಇದ್ದೀವಿ."

ಇಷ್ಟನ್ನು ಬರೆದ ಹಾಳೆ ಎರಡು ದಿನ ಅವರ ಚೀಲದಲ್ಲೇ ಇತ್ತು. "ಅವಳ ತಕ್ಕಡಿ ಕೆಟ್ಟಿದೆ ಅಂದಿದ್ರೆ ನಂಬ್ತಿದ್ರು. ಇಪ್ಪತ್ತಾರು ವರ್ಷದವಳ ಮಾತಲ್ವಾ?" ಮೂರನೇ ದಿನ ಅದನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟರು. ಹೊಸ ಫ್ಯಾನಿನ ಗಾಳಿಯನ್ನು ಆರು ಪಾಲಿಗೆ ಇಳಿಸಿ ನೋಡಿದಾಗ ಎರಡು ಕೋಣೆಗಳ ನಡುವಿನ ಅಂತರ ಶೇಕಡ ಒಂದಕ್ಕಿಂತ ಕಡಿಮೆಯಾಯಿತು.

ಇಬ್ಬರ ತೂಕವೂ ಸರಿ ಎಂದಾದ ಮೇಲೆ ಕೇಂದ್ರ ಹೊಸ ಫ್ಯಾನಿದ್ದ ಎರಡನೇ ಕೋಣೆಯನ್ನೇ ಉಳಿಸಿಕೊಂಡಿತು. ಒಂದನೇ ಕೋಣೆ ಈ ತಿಂಗಳ ಮೂವತ್ತಕ್ಕೆ ಮುಚ್ಚುತ್ತದೆ. ಮಲ್ಸುಕ್ ಅವರ ಮೇಜು ದಾಸೊಲ್ ಕೋಣೆಯ ಮೂಲೆಗೆ ಹೋಗುತ್ತದೆ.

"ಅವಳ ಕೈ ನನ್ನ ಕೈಯಷ್ಟೇ ಚೆನ್ನಾಗಿದೆ. ಹಾಗನ್ನೋಕೆ ಈಗ್ಲೂ ಮನಸ್ಸು ಬರಲ್ಲ."

ಏನಾದರೂ ಆಸೆ ಇದೆಯೇ?

"ಪ್ರತಿ ಫಲಿತಾಂಶದ ಪಕ್ಕದಲ್ಲಿ ಎಷ್ಟು ಗಾಳಿ ಬೆರೆಸಿದ್ದು ಅಂತ ಬರೀಲಿ. ಅಷ್ಟು ಸಾಕು, ನನ್ನ ಹೆಸರೇನೂ ಬೇಡ." ಮುಂದಿನ ಬಿಲ್ಲೆಗೆ ಚಾಚಿದ ಚಿಮುಟವನ್ನು ಮಲ್ಸುಕ್ ಕೆಳಗಿಡುತ್ತಾರೆ. "ಅಲ್ಲ, ಬೇಕು. ಬರ್ಕೊಳ್ಳಿ. ನನ್ನ ಹೆಸರೂ ಹಾಕಲಿ, ದಾಸೊಲ್ ಹೆಸರಿನ ಮೇಲ್ಗಡೆ."