ಸಿಸ್ಟರಕ್ಕ ಹಾಕಿದ ಪ್ಲಾನು

ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಸಿಸ್ಟರಕ್ಕ ಎನ್ನುತ್ತಿದ್ದರು. ನರ್ಸುಗಳ ಡ್ಯೂಟಿ ಚಾರ್ಟ್ ಬರೆಯುವುದು ಅವಳ ಕೆಲಸ. ಯಾರ ಮಗುವಿಗೆ ಪರೀಕ್ಷೆ, ಯಾರ ತಂಗಿಗೆ ಮದುವೆ, ಎಲ್ಲ ಅವಳಿಗೆ ಗೊತ್ತು. ಕೇಳಿದವರಿಗೆಲ್ಲ ರಜೆ ಕೊಟ್ಟು, ಖಾಲಿ ಉಳಿದ ಜಾಗಕ್ಕೆ ತನ್ನ ಹೆಸರು ಹಾಕಿಕೊಳ್ಳುತ್ತಿದ್ದಳು. ಅಪ್ಪ ಬೇಗ ತೀರಿಕೊಂಡ ಮನೆ. ಇಬ್ಬರು ತಮ್ಮಂದಿರನ್ನು ದಡ ಮುಟ್ಟಿಸುವಷ್ಟರಲ್ಲಿ ಅವಳ ಮದುವೆಯ ಮಾತು ತಣ್ಣಗಾಗಿತ್ತು. ಯಾರಾದರೂ ಅದನ್ನು ತ್ಯಾಗ ಎಂದರೆ, "ತ್ಯಾಗಾನೂ ಇಲ್ಲ, ಮಣ್ಣೂ ಇಲ್ಲ. ಪುರುಸೊತ್ತಿರಲಿಲ್ಲ ಅಷ್ಟೇ" ಎನ್ನುತ್ತಿದ್ದಳು.

ಆಸೆ ಅಂತ ಇದ್ದದ್ದು ಒಂದೇ. ಸಮುದ್ರದಂಡೆಯ ಲೈಟ್‌ಹೌಸ್ ಹತ್ತಬೇಕು. ಅಪ್ಪ ಕರೆದುಕೊಂಡು ಹೋಗುತ್ತೇನೆಂದು ಹೇಳಿ ಹೇಳಿಯೇ ಹೋಗಿಬಿಟ್ಟಿದ್ದ. ಆಮೇಲೆ ತಮ್ಮಂದಿರು ಹಿಡಿದರು ಅದೇ ರಾಗ: "ನೀನು ರಿಟೈರ್ ಆಗಕ್ಕಾ, ಎಲ್ಲರೂ ಸೇರಿ ಹೋಗೋಣ." ರಿಟೈರ್ ಆದಳು. ಅಷ್ಟರಲ್ಲಿ ಮಂಡಿಗಳು ಲಟಕ್ ಪಟಕ್ ಅನ್ನತೊಡಗಿದ್ದವು. ಈ ವರ್ಷ ಹತ್ತದಿದ್ದರೆ ಇನ್ನು ಈ ಜನ್ಮದಲ್ಲಿಲ್ಲ ಎಂದು ಅವಳಿಗೆ ಯಾವ ಡಾಕ್ಟರೂ ಹೇಳಬೇಕಾಗಿರಲಿಲ್ಲ.

ಪ್ಲಾನು ಹಾಕುವ ಕೆಲಸ ಅವಳ ಕೊರಳಿಗೇ ಬಿತ್ತು. ಸಂತೋಷದಿಂದಲೇ ಬರೆದಳು. ಚಿಕ್ಕ ತಮ್ಮನಿಗೆ ತಿರುವು ರಸ್ತೆಯಲ್ಲಿ ಹೊಟ್ಟೆ ತೊಳಸುತ್ತದೆ, ಮುಂದಿನ ಸೀಟು ಅವನದು. ದೊಡ್ಡ ತಮ್ಮನ ಹೆಂಡತಿ ಬಾತ್‌ರೂಮ್ ಚೊಕ್ಕಟವಿಲ್ಲದ ಕಡೆ ಕಾಲಿಡುವವಳಲ್ಲ, ಹೋಟೆಲುಗಳಿಗೆಲ್ಲ ಮೊದಲೇ ಫೋನ್ ಮಾಡಿ ವಿಚಾರಿಸಿದಳು. ಎಲ್ಲರಿಗೂ ಬಿಡುವಾಗುವುದು ರಜಾದಿನವೇ, ಅಂದು ಲೈಟ್‌ಹೌಸಿನ ಗೇಟು ತೆಗೆಯುವುದಿಲ್ಲ. ಆದರೆ ಅಲ್ಲಿನ ವಾಚ್‌ಮನ್‌ನ ಹೆಂಡತಿಯ ಹೆರಿಗೆ ಒಂದು ಕಾಲಕ್ಕೆ ಅವಳ ವಾರ್ಡಿನಲ್ಲೇ ಆಗಿತ್ತು. "ನಿಮಗೋಸ್ಕರ ತೆಗೀತೀನಿ ಸಿಸ್ಟರಮ್ಮ. ಕೂತು ಎದ್ದು ನಿಧಾನಕ್ಕೆ ಹತ್ತಿ" ಎಂದಿದ್ದ ಅವನು. ಕೊನೆಗೆ, ಡ್ಯೂಟಿ ಚಾರ್ಟಿನ ಅಡಿಯಲ್ಲಿ ಬರೆಯುತ್ತಿದ್ದ ಹಾಗೇ, 'ಏನೇ ತೊಂದರೆಯಾದರೂ ಈ ನಂಬರಿಗೆ ಫೋನ್ ಮಾಡಿ' ಎಂದು ತನ್ನ ನಂಬರು ಹಾಕಿ, ಮನೆಯವರ ವಾಟ್ಸಾಪ್ ಗ್ರೂಪಿಗೂ ವ್ಯಾನಿನ ಡ್ರೈವರನಿಗೂ ಕಳಿಸಿದಳು.

"ಇದು ಟ್ರಿಪ್ಪೋ, ವಾರ್ಡ್ ರೌಂಡ್ಸೋ?" ಎಂದು ದೊಡ್ಡ ತಮ್ಮನ ಮಗಳು ಗ್ರೂಪಿನಲ್ಲಿ ಬರೆದಳು. ಅವಳಮ್ಮ ಕಣ್ಣೀರು ಬರುವಂತೆ ನಗುವ ಮುಖ ಹಾಕಿದಳು. ಸಿಸ್ಟರಕ್ಕನೂ ಒಂದು ನಗುವ ಮುಖ ಹಾಕಿದಳು. ಹಾಕುವಾಗ ಅವಳಿಗೆ ನಗು ಬಂದಿರಲಿಲ್ಲ.

ಹೊರಡುವ ಹಿಂದಿನ ದಿನ ದೊಡ್ಡ ತಮ್ಮನ ಫೋನು ಬಂತು.

"ಅಕ್ಕಾ, ಇವಳಿಗೆ ಕೆಂಡದಂಥಾ ಜ್ವರ. ಟ್ರಿಪ್ ಕ್ಯಾನ್ಸಲ್. ಡ್ರೈವರ್‌ಗೆ ನಾನೇ ಹೇಳ್ತೀನಿ ಬಿಡು."

"ನಾನು ಬಂದು ನೋಡ್ಲೇನೋ?"

"ಬೇಡ ಬೇಡ, ನಿಂಗೂ ಅಂಟ್ಕೊಳುತ್ತೆ."

ಇಡೀ ಆಯುಷ್ಯ ಜ್ವರದವರ ನಡುವೆಯೇ ಕಳೆದವಳಿಗೆ ಅಂಟಿಕೊಳ್ಳುತ್ತದಂತೆ! ಆದರೂ ನಂಬಿದಳು. ಜ್ವರ ಎಂದವರನ್ನು ಅನುಮಾನಿಸಿ ಅವಳಿಗೆ ಅಭ್ಯಾಸವಿರಲಿಲ್ಲ. ಕಟ್ಟಿಟ್ಟಿದ್ದ ಬ್ಯಾಗು ಬಿಚ್ಚಿ, ಮಂಡಿಗೆಂದು ತಂದಿದ್ದ ಹೊಸ ಪಟ್ಟಿಯನ್ನು ಕಪಾಟಿನಲ್ಲಿಟ್ಟಳು. ಮನಸ್ಸು ತಡೆಯಲಿಲ್ಲ. ಮರುದಿನ ಸಂಜೆ ಗಂಜಿ ಕಾಯಿಸಿ, ಫ್ಲಾಸ್ಕಿಗೆ ತುಂಬಿಕೊಂಡು, ಕುಂಟುತ್ತ ಮೂರು ಬೀದಿ ದಾಟಿ ತಮ್ಮನ ಮನೆಗೆ ಬಂದಳು.

ಬಾಗಿಲಿಗೆ ಬೀಗ. ಅಯ್ಯೋ, ಆಸ್ಪತ್ರೆಗೇ ಸೇರಿಸಿಬಿಟ್ಟರೇನೋ ಎಂದುಕೊಂಡಳು. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ವ್ಯಾನಿನ ಡ್ರೈವರು.

"ಅಮ್ಮಾ, ತೊಂದರೆ ಆದ್ರೆ ಈ ನಂಬರಿಗೆ ಮಾಡಿ ಅಂತ ನಿಮ್ ಪ್ಲಾನಲ್ಲಿತ್ತಲ್ಲ, ಅದಕ್ಕೇ ಮಾಡ್ದೆ. ಬೆಳಗ್ಗಿಂದ ನೀವು ಬರೆದ ಹಾಗೇ ಬಂದ್ವಿ, ಎಲ್ಲೂ ತೊಂದರೆ ಆಗ್ಲಿಲ್ಲ. ಈಗ ಲೈಟ್‌ಹೌಸ್ ಹತ್ರ ಇದೀವಿ. ಈ ವಾಚ್‌ಮನ್ ಗೇಟ್ ತೆಗೀತಿಲ್ಲ. ಸಿಸ್ಟರಮ್ಮ ಎಲ್ಲಿ, ಸಿಸ್ಟರಮ್ಮ ಎಲ್ಲಿ ಅಂತ ಒಂದೇ ಸಮನೆ ಕೇಳ್ತಿದಾರೆ."

ಅವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಫೋನಿನಲ್ಲಿ ಗಾಳಿ ಭೋರೆನ್ನುತ್ತಿತ್ತು. ಅದರ ನಡುವೆ ಕೆಂಡದಂಥ ಜ್ವರದವಳ ನಗು ಸ್ಪಷ್ಟವಾಗಿ ಕೇಳಿಸಿತು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುವವರನ್ನು ನಾವು ಕಂಡಿದ್ದೇವೆ. ಇವರು ಅವರಿಗಿಂತ ಒಂದು ಕೈ ಮೇಲು. ಅಂಬಿಗನನ್ನು ದಡದಲ್ಲೇ ಬಿಟ್ಟು ಅವನ ದೋಣಿಯಲ್ಲೇ ಹೊರಟವರು. ಇಡೀ ದಾರಿಯಲ್ಲಿ ಅವಳೆಲ್ಲಿ ಎಂದು ಕೇಳಿದ್ದು ಆ ವಾಚ್‌ಮನ್ ಒಬ್ಬನೇ.

"ಅಮ್ಮಾ, ಏನು ಹೇಳ್ಲಿ ಅವರಿಗೆ?"

"ಸಿಸ್ಟರಮ್ಮ ಜ್ವರ ಬಂದವರಿಗೆ ಗಂಜಿ ತಗೊಂಡು ಹೋಗಿದಾರೆ, ಮನೆಗೆ ಬೀಗ ಹಾಕಿದೆ, ಹೊರಗೆ ನಿಂತಿದಾರೆ ಅಂತ ಹೇಳಪ್ಪ. ಸ್ವಲ್ಪ ಜೋರಾಗಿ ಹೇಳು. ಎಲ್ಲರಿಗೂ ಕೇಳ್ಲಿ."

ಪಾಪ, ಏನೂ ಅರಿಯದ ಡ್ರೈವರು ಗಂಟಲು ಹರಿಯುವಂತೆ ಕೂಗಿ ಹೇಳಿದ. ನಗು ನಿಂತಿತು. ಗಾಳಿ ಮಾತ್ರ ಉಳಿಯಿತು.

ಅವಳು ಫೋನಿಟ್ಟಳು. ಮರುಕ್ಷಣವೇ ದೊಡ್ಡ ತಮ್ಮನ ಹೆಸರು ಮಿನುಗಿತು, ಆಮೇಲೆ ಚಿಕ್ಕವನದು. ಎತ್ತಲಿಲ್ಲ. ದೊಡ್ಡ ತಮ್ಮನ ಮನೆಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು, ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿಕೊಂಡು, ಅಷ್ಟೂ ಗಂಜಿಯನ್ನು ತಾನೇ ಕುಡಿದಳು.