ಕತ್ತಿಯ ತುದಿಗೆ ಹಾಕಿದ ಕಬ್ಬಿಣ

ಅಕ್ಕ ಮಾಡುತ್ತಿದ್ದ ಕತ್ತಿಗಳು ಸೌತೆಕಾಯನ್ನೂ ಹೆಚ್ಚುತ್ತಿರಲಿಲ್ಲ. ಒಳಗೆ ಬಿದಿರು, ಅದರ ಮೇಲೆ ತೆಳು ಪ್ಲೈವುಡ್ಡು, ಸುತ್ತ ಸ್ಪಂಜು, ಮೇಲೊಂದು ಕೈ ಬೆಳ್ಳಿ ಬಣ್ಣ. ಮನರಂಜನಾ ಪಾರ್ಕಿನ ಹಿಂಭಾಗದ ತಗಡಿನ ಶೆಡ್ಡಿನಲ್ಲಿ ಅವಳ ಕೆಲಸ. ರಾಕ್ಷಸನ ಕೊಂಬು, ರಾಣಿಯ ಕಿರೀಟ, ಸಿಂಹಾಸನ, ಎಲ್ಲ ಅವಳ ಕೈಯವೇ. ಬಾಗಿಲು, ಮಂಚ ಮಾಡುತ್ತಿದ್ದ ಅಪ್ಪನ ಪಕ್ಕ ಕೂತು ಮರಗೆಲಸ ಕಲಿತವಳು. ಅಪ್ಪ ಹೋದ ಮೇಲೆ ತಮ್ಮನನ್ನು ಸಾಕಿದಳು. ಮದುವೆ ಗಿದುವೆ ಎಂದವರಿಗೆ, ಮೊದಲು ಇವನೊಬ್ಬ ದಡ ಸೇರಲಿ ಎನ್ನುತ್ತಿದ್ದಳು. ಪಾರ್ಕಿನ ಬಯಲು ರಂಗದಲ್ಲಿ ದಿನವೂ ನಡೆಯುವ ಕಾಳಗದಲ್ಲಿ ಅವನಿಗೆ ವೀರನ ಪಾತ್ರ ಕೊಡಿಸಿದವಳೂ ಅವಳೇ.

ವೀರನ ಕತ್ತಿ ವೀರನಿಗಿಂತ ಉದ್ದ. ಅಗಲವೋ, ಅರ್ಧ ಬಾಗಿಲಿನಷ್ಟು. ಅಂಥದ್ದನ್ನು ಬೀಸಬೇಕಾದರೆ ತೂಕ ಎಷ್ಟಿದೆ ಎನ್ನುವುದಕ್ಕಿಂತ ಎಲ್ಲಿದೆ ಎನ್ನುವುದು ಮುಖ್ಯ ಎಂದು ಅವಳು ಒಂದೆರಡು ಕತ್ತಿ ಮುರಿದುಕೊಂಡೇ ಕಲಿತಿದ್ದಳು. ಹಿಡಿಯ ಬುಡದಲ್ಲಿ ಕಬ್ಬಿಣದ ಗುಂಡು ಕೂರಿಸಿದರೆ ಇಡೀ ಕತ್ತಿ ಹೇಳಿದ ಮಾತು ಕೇಳುತ್ತದೆ. ಅದೇ ಗುಂಡು ತುದಿಯಲ್ಲಿದ್ದರೆ ಕತ್ತಿಯೇ ಆಳನ್ನು ಎಳೆದುಕೊಂಡು ಹೋಗುತ್ತದೆ. ಹಿಡಿಯನ್ನೂ ಬೇಕೆಂದೇ ಉದ್ದ ಮಾಡಿದ್ದಳು. ಎರಡು ಕೈ ದೂರ ದೂರ ಇದ್ದರೆ ಒಂದು ತಳ್ಳಿದಾಗ ಇನ್ನೊಂದು ಎಳೆಯಬಹುದು, ತಿರುಗಿಸುವುದು ಸಲೀಸು.

ಸಲೀಸಾಗಿದ್ದದ್ದೇ ತಪ್ಪಾಯಿತು. ತಮ್ಮ ಅದನ್ನು ಹಗುರಾಗಿ ಬೀಸುವುದನ್ನು ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ಊರೆಲ್ಲ ಸುತ್ತಿತು. ಅದು ಕತ್ತಿಯೋ ಕಸಬರಿಗೆಯೋ ಎಂದು ಜನ ಬಿದ್ದು ಬಿದ್ದು ನಕ್ಕರು. ಮ್ಯಾನೇಜರು ಶೆಡ್ಡಿಗೆ ಬಂದು, ತುದಿ ಭಾರವಾಗಿ ಕಾಣಬೇಕು, ಕಬ್ಬಿಣ ಹಾಕಿ ಎಂದ. ಬೀಸುವುದು ಹೇಗೋ ಆಗುತ್ತದೆ, ಓಡುವ ತುದಿಯನ್ನು ನಿಲ್ಲಿಸುವುದೇ ಕಷ್ಟ ಎಂದು ಅಕ್ಕ ವಿವರಿಸಿದಳು. ಅವನು ಹೂಂಗುಟ್ಟಿ ಹೋದ. ಮಾರನೆಯ ದಿನ ತಮ್ಮನೇ ಬಂದ.

"ಅಕ್ಕಾ, ತುದಿಗೆ ಸ್ವಲ್ಪ ಕಬ್ಬಿಣ ಹಾಕು."

"ಭುಜ ಕಿತ್ತು ಬರುತ್ತೆ ಕಣೋ."

"ಬೀದಿಗಿಳಿದ್ರೆ ಕಸಬರಿಗೆ ವೀರ ಅಂತಾರೆ. ನೀನು ಹಾಕದಿದ್ರೆ ಹೊರಗೆ ಹಾಕಿಸ್ತೀನಿ."

ಹೊರಗಿನವರು ಹೇಗೆ ಹಾಕುತ್ತಾರೋ, ಬೀಸುವಾಗ ಕಿತ್ತು ಯಾರ ತಲೆಗೆ ಬೀಳುತ್ತದೋ. ಅವಳೇ ಹಾಕಿದಳು. ಎರಡೂ ಬದಿಗೆ ಪಟ್ಟಿ ಇಟ್ಟು, ಬೋಲ್ಟು ಬಿಗಿದು, ಅಲುಗಾಡದಂತೆ.

ತಮ್ಮ ಹೊಸ ಕತ್ತಿಗೆ ಮೈ ಒಗ್ಗಿಸಿಕೊಂಡ. ಕಾಲು ಅಗಲಿಸಿ, ಸೊಂಟ ಹಿಂದಕ್ಕೆ ಹಾಕಿ, ತನ್ನ ಮೈಯನ್ನೇ ತಕ್ಕಡಿಯ ಇನ್ನೊಂದು ತಟ್ಟೆ ಮಾಡಿಕೊಂಡು ಬೀಸುತ್ತಿದ್ದ. ನಕ್ಕವರು ಉಸಿರು ಬಿಗಿಹಿಡಿದು ನೋಡಿದರು. ಹಿಗ್ಗಿಗೆ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಯಲ್ಲಿ ಮಾತ್ರ ಒಂದೇ ಕೈಯಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಅವಳು ನೋಡಿದಳು. ಕೇಳಿದರೆ, ಮಲಗುವಾಗ ಉಳುಕಿತು ಎಂದ.

ರಾಕ್ಷಸನ ಪಾತ್ರ ಡುಮ್ಮಣ್ಣನದು, ತಮ್ಮನ ಹಳೆಯ ಗೆಳೆಯ. ಕತ್ತಿ ಸುತ್ತಿ ಬಂದು ಅವನ ಕುತ್ತಿಗೆಯಿಂದ ಗೇಣು ದೂರದಲ್ಲಿ ನಿಲ್ಲಬೇಕು. ಒಂದು ಮಧ್ಯಾಹ್ನ ಡುಮ್ಮಣ್ಣನ ಕಾಲಿಗೆ ಅವನದೇ ನಿಲುವಂಗಿ ಸಿಕ್ಕಿಕೊಂಡು, ಬರುತ್ತಿದ್ದ ಕತ್ತಿಯ ಕಡೆಗೇ ಅವನು ಮುಗ್ಗರಿಸಿದ. ಕೈಬಿಟ್ಟರೆ ಕತ್ತಿ ಮುಂದಿನ ಸಾಲಿನ ಮಕ್ಕಳ ಮೇಲೆ. ತಮ್ಮ ಬಿಡಲಿಲ್ಲ. ಕೈ ಪೂರ್ತಿ ಚಾಚಿದ್ದಾಗಲೇ ಹಿಂದಕ್ಕೆ ಜಗ್ಗಿದ. ರಂಗದ ಪಕ್ಕ ನಿಂತಿದ್ದ ಅಕ್ಕನಿಗೆ ಹಸಿ ಬಟ್ಟೆ ಹರಿದಂಥ ಸದ್ದು ಕೇಳಿಸಿತು. ಕತ್ತಿ ರಾಕ್ಷಸನ ಕೊಂಬಿಗೆ ತಗಲಿ ನಿಂತಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ತಮ್ಮ ಮಂಡಿಯೂರಿದ, ಹಿಡಿ ಇನ್ನೂ ಕೈಯಲ್ಲೇ ಇತ್ತು.

"ಬಿಡೋ, ಕತ್ತಿ ಬಿಡೋ," ಎಂದು ಡುಮ್ಮಣ್ಣ ಮೆಲ್ಲಗೆ ಅವನ ಬೆರಳು ಒಂದೊಂದಾಗಿ ಬಿಡಿಸಿದ.

ಭುಜದ ಸ್ನಾಯುಗಳು ಮೂಳೆಯಿಂದಲೇ ಕಿತ್ತುಬಂದಿವೆ ಎಂದು ಡಾಕ್ಟರು ಹೇಳಿದರು. ಹೊಲಿದರು. ಆಮೇಲೂ ಆ ಕೈ ಎದೆಯ ಮಟ್ಟಕ್ಕಿಂತ ಮೇಲೆ ಏಳಲಿಲ್ಲ. ಅವನೇ ಕೇಳಿ ಹಾಕಿಸಿಕೊಂಡದ್ದಲ್ಲವೇ ಎಂದು ಮ್ಯಾನೇಜರು ಕೈ ತೊಳೆದುಕೊಂಡ. ತಮ್ಮ ಸೈಕಲ್ ಸ್ಟ್ಯಾಂಡಿನಲ್ಲಿ ಚೀಟಿ ಹರಿದು ಕೊಡುವ ಕೆಲಸಕ್ಕೆ ಸೇರಿದ. ನೀನೇಕೆ ಹಾಕಿದೆ ಎಂದು ಅವನು ಅಕ್ಕನನ್ನು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಹೊಸ ವೀರ ಬಂದ. ಕತ್ತಿಗೆ ಬಣ್ಣ ಬಳಿದು ಕೊಡಿ ಎಂದರು. ಅಕ್ಕ ಬಾಗಿಲು ಹಾಕಿಕೊಂಡು ಬೋಲ್ಟು ಬಿಚ್ಚಿದಳು, ತುದಿಯ ಕಬ್ಬಿಣವನ್ನೆಲ್ಲ ತೆಗೆದಳು, ಯಾರಿಗೂ ಹೇಳಲಿಲ್ಲ. ಅವನ ಮೊದಲ ಆಟದ ದಿನ ರಂಗದ ಪಕ್ಕದಲ್ಲಿ ನಿಂತಳು. ಹೊಸಬ, ತಮ್ಮ ಭಾರದ ಕತ್ತಿ ಬೀಸುತ್ತಿದ್ದ ವಿಡಿಯೋ ನೋಡಿ ಕಲಿತಿದ್ದ. ಹಗುರ ಕತ್ತಿಯನ್ನೇ ಸೊಂಟ ಹಿಂದಕ್ಕೆ ಹಾಕಿ, ಹಲ್ಲು ಕಚ್ಚಿ, ಬೆಟ್ಟ ಎತ್ತಿದವನಂತೆ ಬೀಸಿದ. ಜನ ಹಾಗೆಯೇ ಉಸಿರು ಬಿಗಿಹಿಡಿದರು, ಹಾಗೆಯೇ ಚಪ್ಪಾಳೆ ಹೊಡೆದರು. ಒಬ್ಬರಿಗೂ ಗೊತ್ತಾಗಲಿಲ್ಲ. ಅಕ್ಕ ಅಲ್ಲೇ ಸಾಮಾನಿನ ಪೆಟ್ಟಿಗೆಯ ಮೇಲೆ ಕೂತಳು.

ಮರುದಿನ ಬೆಳಿಗ್ಗೆ ತಲೆ ಬಾಚಿಸಿಕೊಳ್ಳುತ್ತಾ ತಮ್ಮ ಕೇಳಿದ, "ಹೊಸಬ ಹೆಂಗೆ ಬೀಸ್ತಾನೆ?"

"ಒದ್ದಾಡ್ತಾನೆ," ಎಂದಳು. "ಆ ಭಾರ ಎಲ್ಲರ ಕೈಲಿ ಆಗುತ್ತಾ?"

ತಮ್ಮ ಅವಳ ಕಡೆ ತಿರುಗಿದ. "ಕಾಲು ಇನ್ನೂ ಅಗಲ ಇಡೋಕೆ ಹೇಳಕ್ಕಾ. ಭುಜ ಹೋಗಿಬಿಡುತ್ತೆ."

"ಹೇಳ್ತೀನಿ," ಎಂದು ಗಲ್ಲ ಹಿಡಿದು ಅವನ ಮುಖ ಆಚೆ ತಿರುಗಿಸಿ, ಉಳಿದ ಕೂದಲು ಬಾಚಿದಳು.