ನಿಕಾಹ್ ವಿಡಿಯೊ ಮತ್ತು ಸ್ಕ್ರೂಡ್ರೈವರ್

ಮಧ್ಯಾಹ್ನ ಎರಡೂವರೆಗೆ ಕಾಪುವಿನ ನಮ್ಮ ಸ್ಟುಡಿಯೊದಲ್ಲಿ ಕಂಪ್ಯೂಟರ್ ಪರದೆ ಕಪ್ಪಾಯಿತು. ಸಂಜೆ ದುಬೈಗೆ ಹೊರಡುವ ಮದುಮಗನಿಗೆ ನಿಕಾಹ್ ವಿಡಿಯೊ ಬೇಗ ಮುಗಿಸಿಕೊಡಲೆಂದು ಗೆಳೆಯ ಇಕ್ಬಾಲ್ ಪ್ರೊಸೆಸರಿನ ವೇಗವನ್ನು ಮಿತಿಮೀರಿ ಏರಿಸಿದ್ದ. ಮತ್ತೆ ಆನ್ ಮಾಡಿದರೆ ಫ್ಯಾನ್ ಮಾತ್ರ ತಿರುಗಿತು. ಅವನು ಗಾಬರಿಯಲ್ಲಿ ಸ್ಕ್ರೂಡ್ರೈವರನ್ನು ಪವರ್ ಸಪ್ಲೈ ಒಳಗೇ ತೂರಿಸಹೊರಟ.

“ಕರೆಂಟ್ ಉಂಟು ಮಾರಾಯ, ಕೈ ತೆಗಿ!” ಎಂದು ಕಿರುಚಿ ಪ್ಲಗ್ ಎಳೆದೆ.

“ಮದುಮಗನಿಗೆ ಎಂತ ಹೇಳುವುದು?”

“ಇನ್ನೊಂದು ಪ್ಲೇಟ್ ಬಿರಿಯಾನಿ ತಿನ್ನಲು ಹೇಳು.”

ಏರಿಸಿದ ವೇಗದ ಸೆಟ್ಟಿಂಗ್ ಅಳಿಸಿಹೋಗಲೆಂದು ಮದರ್‌ಬೋರ್ಡಿನ ಬಿಲ್ಲೆಯಂಥ ಬ್ಯಾಟರಿ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದೆ. ವೇಗ ಮೊದಲಿನಂತಾಗಿ ಕಂಪ್ಯೂಟರ್ ಶುರುವಾಯಿತು; ವಿಡಿಯೊ ಹಾಗೆಯೇ ಇತ್ತು.

ಆಮೇಲೆ ರಾತ್ರಿ ಕಣ್ಣು ಮುಚ್ಚಿದಾಗೆಲ್ಲ ಸ್ಕ್ರೂಡ್ರೈವರ್ ಹಿಡಿದ ಅವನ ಆ ಕೈಯೇ ಕಂಡು ಎಚ್ಚರವಾಗುತ್ತಿತ್ತು. ಮೊನ್ನೆ ಶುಕ್ರವಾರ ಇಕ್ಬಾಲ್ ಇನ್ನೊಂದು ಕಂಪ್ಯೂಟರ್ ಬಿಚ್ಚುವ ಮೊದಲು, ಅದರ ಕರೆಂಟಿನ ವಯರನ್ನೇ ಕಿತ್ತು ನನ್ನ ಕೈಗಿತ್ತ. ಅಂದು ರಾತ್ರಿ ಬೆಳಗಿನವರೆಗೂ ನಿದ್ದೆ ಬಂತು.